ಎರಡು ಸೂರ್ಯೋದಯಗಳ ವಾಯುಮಾರ್ಗ

ಕನ್ನಡನಾಡಿನ ಹಿರಿಯರು ದೂರವನ್ನು ಎರಡು ಬಗೆಯಾಗಿ ಅಳೆಯುತ್ತಿದ್ದರು. ಗಾವುದ, ಹರದಾರಿ ಎಂಬುವು ನೆಲದ ಅಳತೆಗಳು; ಒಂದು ಹೊತ್ತಿನ ದಾರಿ, ಮೂರು ದಿನದ ಪಯಣ ಎಂಬುವು ಕಾಲದ ಅಳತೆಗಳು. ನೆಲದ ಅಳತೆಯು ಎರಡು ಊರುಗಳ ನಡುವೆ ಎಂದಿಗೂ ಒಂದೇ ಆಗಿರತಕ್ಕದ್ದು. ಕಾಲದ ಅಳತೆಯಾದರೋ ಎತ್ತುಗಳ ಕಸುವು, ಹಳ್ಳದ ನೀರು, ಕಳ್ಳರ ಭಯ, ಬಂಡಿಯ ಮೇಲಣ ಹೊರೆ ಇವುಗಳನ್ನನುಸರಿಸಿ ಹಿಗ್ಗುವುದು, ಕುಗ್ಗುವುದು. ದಾರಿಹೋಕನಿಗೆ ನಿಜವಾಗಿ ಬೇಕಾದುದು ಈ ಎರಡನೆಯ ಲೆಕ್ಕವೇ.

ವಿಮಾನಗಳು ಬಂದ ಮೇಲೆ ಈ ಹಳೆಯ ಲೆಕ್ಕವು ಅಳಿದುಹೋಯಿತೆಂದು ತೋರಬಹುದು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯುವುದೆಂಬುದನ್ನು ಶಾಲೆಯ ಹುಡುಗನೂ ಬಲ್ಲನು. ಆದರೆ ವಾಯುಮಾರ್ಗಗಳ ಚರಿತ್ರೆಯನ್ನು ಪರಿಶೀಲಿಸಿದರೆ ಎತ್ತಿನ ಬಂಡಿಯ ಕಾಲದ ತತ್ತ್ವವೇ ಆಕಾಶದಲ್ಲಿಯೂ ನಡೆದುಬಂದಿರುವುದು ಕಂಡುಬರುತ್ತದೆ. ಹೊರೆ, ಗಾಳಿ, ಭಯ ಈ ಮೂರೂ ಅಲ್ಲಿ ಉಂಟು. ಇದಕ್ಕೆ ಉತ್ತಮ ನಿದರ್ಶನವೆಂದರೆ ಹಿಂದೂ ಮಹಾಸಾಗರದ ಎರಡು ಅಂಚುಗಳಲ್ಲಿದ್ದ ಎರಡು ವಿಮಾನ ನೆಲೆಗಳ ವೃತ್ತಾಂತ. ಒಂದು, ಆಸ್ಟ್ರೇಲಿಯದ ಪಶ್ಚಿಮ ತೀರದ ಪರ್ತ್ ನಗರದಲ್ಲಿ ಸ್ವಾನ್ ನದಿಯ ದಂಡೆಯ ಮೇಲಿದ್ದ ನೆಡ್ಲೆಂಡ್ಸ್. ಮತ್ತೊಂದು, ಅಂದು ಸಿಲೋನ್ ಎನಿಸಿದ್ದ ಇಂದಿನ ಶ್ರೀಲಂಕೆಯ ದಕ್ಷಿಣ ತುದಿಯಲ್ಲಿ ಗಾಲೆ ಪಟ್ಟಣಕ್ಕೆ ಸಮೀಪವಾದ ಕೊಗ್ಗಲ ಸರೋವರ. ೧೯೪೩ರಿಂದ ೧೯೪೫ರ ವರೆಗೆ ಈ ಎರಡರ ನಡುವೆ ನಡೆದ ಸಂಚಾರವು ವಾಯುಯಾನದ ಚರಿತ್ರೆಯಲ್ಲಿ ಬೇರೊಂದರಂತಲ್ಲದ ಅಧ್ಯಾಯವಾಗಿದೆ.

ಮೊದಲು ದೂರದ ವಿಚಾರ. ಭೂಮಿಯು ಗೋಲಾಕಾರವಾಗಿರುವುದರಿಂದ ಅದರ ಮೇಲಿನ ಎರಡು ಸ್ಥಳಗಳ ನಡುವಣ ಅತ್ಯಂತ ಹತ್ತಿರದ ದಾರಿಯು ಭೂಗೋಲವನ್ನು ಸರಿಯಾಗಿ ಎರಡು ಹೋಳು ಮಾಡುವ ಮಹಾವೃತ್ತದ ಒಂದು ತುಂಡಾಗಿರುತ್ತದೆ. ಪರ್ತ್ ನಗರವು ಭೂಮಧ್ಯರೇಖೆಗೆ ದಕ್ಷಿಣದಲ್ಲಿ ಸುಮಾರು ೩೨ ಅಂಶಗಳಷ್ಟು ಕೆಳಗಿದೆ. ಕೊಗ್ಗಲವು ಉತ್ತರದಲ್ಲಿ ೬ ಅಂಶಗಳಷ್ಟು ಮೇಲಿದೆ. ಪೂರ್ವಪಶ್ಚಿಮವಾಗಿ ಇವೆರಡರ ಅಂತರವು ಮೂವತ್ತೈದೂವರೆ ಅಂಶ. ಈ ಅಂಕಿಗಳಿಂದ ಗಣಿಸಿದರೆ ಅವುಗಳ ನಡುವಣ ಮಹಾವೃತ್ತದ ತುಂಡು ೫೧ ಅಂಶಗಳಿಗೆ ತುಸು ಕಡಮೆಯಾಗುತ್ತದೆ. ಅಂಶವೊಂದಕ್ಕೆ ಸುಮಾರು ೧೧೧ ಕಿಲೋಮೀಟರುಗಳಂತೆ ದೂರವು ೫,೬೫೦ ಕಿಲೋಮೀಟರುಗಳಿಗೆ ಸಮೀಪ, ಎಂದರೆ ಮೂರು ಸಾವಿರದ ಐನೂರು ಮೈಲಿಗಳಿಗೆ ತುಸು ಹೆಚ್ಚು. ಈ ದೂರದ ಬಹುಭಾಗವು ಬರಿಯ ನೀರು. ದಾರಿಯಲ್ಲಿ ಇಳಿದು ದಣಿವಾರಿಸಿಕೊಳ್ಳಲು ಅಂದಿನ ವಿಮಾನಕ್ಕೆ ಒಂದು ತಾಣವೂ ಇರಲಿಲ್ಲ.

ಯುದ್ಧಕ್ಕೆ ಮೊದಲು ಇಂತಹ ದಾರಿಯನ್ನು ಹಿಡಿಯಬೇಕೆಂದು ಯಾರೂ ಯೋಚಿಸಿದವರಲ್ಲ. ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ನಡುವಣ ವಾಯುಮಾರ್ಗವು ನೆಲದ ಅಂಚನ್ನೂ ದ್ವೀಪಗಳ ಸಾಲನ್ನೂ ಹಿಡಿದು ಸಾಗುತ್ತಿದ್ದಿತು. ಅದು ನದಿ ದಾಟುವವನು ಕಲ್ಲಿನಿಂದ ಕಲ್ಲಿಗೆ ಕಾಲಿಡುವಂತಹ ಕ್ರಮ. ೧೯೩೫ರ ಏಪ್ರಿಲ್ ತಿಂಗಳಿನಲ್ಲಿ ಪ್ರಯಾಣಿಕರ ಸಂಚಾರವು ಮೊದಲಾದಾಗ ಬ್ರಿಸ್ಬೇನಿನಿಂದ ಲಂಡನ್ನಿಗೆ ಹನ್ನೆರಡೂವರೆ ದಿನಗಳು ಹಿಡಿಯುತ್ತಿದ್ದವು. ೧೯೩೮ರಲ್ಲಿ ನೀರಿನಿಂದಲೇ ಏರಿ ನೀರಿನ ಮೇಲೆಯೇ ಇಳಿಯುವ ದೊಡ್ಡ ಹಾರುದೋಣಿಗಳು ಬಂದ ಮೇಲೆ ಸಿಡ್ನಿಯಿಂದ ಇಂಗ್ಲೆಂಡಿನ ಸೌತಾಂಪ್ಟನ್ನಿಗೆ ಹತ್ತು ದಿನಗಳ ಆಸುಪಾಸಿನಲ್ಲಿ ತಲುಪಬಹುದಾಯಿತು. ಕಲ್ಕತ್ತೆ, ಅಲಹಾಬಾದ್, ಗ್ವಾಲಿಯರ್, ಉದಯಪುರದ ಬಳಿಯ ರಾಜಸಮಂದ, ಕರಾಚಿ ಇವೆಲ್ಲ ಆ ದಾರಿಯ ತಂಗುದಾಣಗಳು. ದಿನಗಳ ಸಂಖ್ಯೆಯು ದೊಡ್ಡದಾಗಿದ್ದರೂ ಹಾರಾಟದ ಗಂಟೆಗಳು ಅದರಲ್ಲಿ ಒಂದು ಅಂಶ ಮಾತ್ರ. ರಾತ್ರಿಯಲ್ಲಿ ತಂಗುವುದು, ಪೆಟ್ರೋಲು ತುಂಬುವುದು, ಊಟೋಪಚಾರ, ಇವುಗಳಲ್ಲಿಯೇ ಉಳಿದ ಕಾಲವು ಕಳೆಯುತ್ತಿದ್ದಿತು.

ಈ ದಾರಿಯ ಕೊರಳು ಸಿಂಗಾಪುರ. ೧೯೪೧ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿದ ಮೇಲೆ ಆ ಕೊರಳನ್ನು ಹಿಸುಕುವುದಕ್ಕೆ ಬಹಳ ಕಾಲ ಬೇಕಾಗಲಿಲ್ಲ. ೧೯೪೨ರ ಜನವರಿ ೩೦ರಂದು ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆಯವರು ನಡೆಸುತ್ತಿದ್ದ 'ಕೋರಿಯೊ' ಎಂಬ ಹಾರುದೋಣಿಯನ್ನು ಟಿಮೋರ್ ದ್ವೀಪದ ಹತ್ತಿರ ಜಪಾನಿನ ಯುದ್ಧವಿಮಾನಗಳು ಹೊಡೆದು ಕೆಡವಿದುವು. ಅದರಲ್ಲಿದ್ದ ಹದಿನೆಂಟು ಮಂದಿಯಲ್ಲಿ ಹದಿಮೂವರು ಮಡಿದರು. ಫೆಬ್ರವರಿ ೧೫ರಂದು ಸಿಂಗಾಪುರವು ಶರಣಾಗತವಾಯಿತು. ಅದೇ ತಿಂಗಳ ಕೊನೆಯಲ್ಲಿ 'ಸರ್ಸೀ' ಎಂಬ ಮತ್ತೊಂದು ಹಾರುದೋಣಿಯು ಜಾವಾದಿಂದ ಆಸ್ಟ್ರೇಲಿಯಕ್ಕೆ ಹೊರಟು ನಡುದಾರಿಯಲ್ಲಿಯೇ ಕಾಣೆಯಾಯಿತು. ಆಸ್ಟ್ರೇಲಿಯಕ್ಕೂ ಭರತಖಂಡಕ್ಕೂ ಇದ್ದ ವಾಯುಮಾರ್ಗವು ಹೀಗೆ ಕಡಿದುಹೋಯಿತು. ಭೂಪಟದಲ್ಲಿ ಒಂದು ಗೇಣೂ ವ್ಯತ್ಯಾಸವಾಗದಿದ್ದರೂ ಕಾಲದ ಲೆಕ್ಕದಲ್ಲಿ ಆ ಎರಡು ದೇಶಗಳು ಒಂದರಿಂದೊಂದು ಬಹುದೂರ ಸರಿದುವು.

ಸಾಗರದ ಈ ಭಾಗವು ಎಷ್ಟು ಭಯಾನಕವಾಗಿದ್ದಿತೆಂಬುದನ್ನು ಕೊಗ್ಗಲವೇ ಕಂಡಿದ್ದಿತು. ೧೯೪೨ರ ಏಪ್ರಿಲ್ ೪ರಂದು ಕೆನಡದ ವಾಯುಪಡೆಯ ಲೆನರ್ಡ್ ಬರ್ಚಲ್ ಎಂಬ ಅಧಿಕಾರಿಯು ಆ ಸರೋವರದಿಂದ ಕ್ಯಾಟಲೀನ ಜಾತಿಯ ಹಾರುದೋಣಿಯಲ್ಲಿ ಕಾವಲು ತಿರುಗಲು ಹೋಗಿದ್ದಾಗ, ಸಿಲೋನಿನತ್ತ ಬರುತ್ತಿದ್ದ ಜಪಾನಿನ ಮಹಾನೌಕಾಬಲವು ಆತನ ಕಣ್ಣಿಗೆ ಬಿದ್ದಿತು. ಸುದ್ದಿಯನ್ನು ರೇಡಿಯೋ ಮೂಲಕ ಕಳುಹಿಸುತ್ತಿದ್ದಂತೆಯೇ ಶತ್ರುಗಳು ಆತನ ವಿಮಾನವನ್ನು ಹೊಡೆದುರುಳಿಸಿದರು. ಬದುಕುಳಿದ ಬರ್ಚಲನು ಯುದ್ಧವು ಮುಗಿಯುವವರೆಗೆ ಸೆರೆಯಲ್ಲಿ ಕಳೆಯಬೇಕಾಯಿತು. ಮರುದಿನ ಕೊಲಂಬೊ ಬಂದರಿನ ಮೇಲೂ ಏಪ್ರಿಲ್ ೯ರಂದು ತ್ರಿಂಕೋಮಲೆಯ ಮೇಲೂ ಬಾಂಬುಗಳು ಬಿದ್ದುವು. ಸಾಗರದ ನಡುವೆ ಕೋಕೋಸ್ ಎಂಬ ಕಿರುದ್ವೀಪಗಳುಂಟು. ಯುದ್ಧಕ್ಕೆ ಮೊದಲು, ೧೯೩೯ರಲ್ಲಿ, ಪಿ. ಜಿ. ಟೇಲರ್ ಎಂಬ ಆಸ್ಟ್ರೇಲಿಯದ ವೈಮಾನಿಕನು ಅವುಗಳ ಮಾರ್ಗವಾಗಿ ಆಫ್ರಿಕದ ಮೊಂಬಾಸದವರೆಗೆ ಹಾರಿ ದಾರಿಯನ್ನು ಪರೀಕ್ಷಿಸಿದ್ದನು. ಆದರೆ ೧೯೪೩ರಲ್ಲಿ ಆ ದ್ವೀಪಗಳು ಶತ್ರುಗಳ ವಿಮಾನಗಳಿಗೆ ಎಟಕುವಂತಿದ್ದುದರಿಂದ ಅಲ್ಲಿ ಇಳಿಯುವುದು ಸಾಧ್ಯವಿರಲಿಲ್ಲ. ಇನ್ನು ಉಳಿದುದು ಒಂದೇ ಉಪಾಯ: ಪರ್ತಿನಿಂದ ಕೊಗ್ಗಲಕ್ಕೆ ಎಲ್ಲಿಯೂ ನಿಲ್ಲದೆ ಒಂದೇ ಹಾರಾಟದಲ್ಲಿ ಸಾಗುವುದು.

ಇದಕ್ಕಾಗಿ ಆರಿಸಿದುದೂ ಕ್ಯಾಟಲೀನ ಹಾರುದೋಣಿಯನ್ನೇ. ಅಮೆರಿಕದ ಕನ್ಸಾಲಿಡೇಟೆಡ್ ಕಾರ್ಖಾನೆಯಲ್ಲಿ ತಯಾರಾದ ಈ ಜಾತಿಯ ವಿಮಾನಗಳ ಪರಿಚಯವು ಬೆಂಗಳೂರಿಗೂ ಇದ್ದಿತು. ೧೯೪೦ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಕ್ಯಾಟಲೀನಗಳ ದುರಸ್ತಿಯು ನಡೆಯುತ್ತಿದ್ದಿತು. ಅವು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಬಂದಿಳಿಯುತ್ತಿದ್ದುವು. ಎರಡು ಯಂತ್ರಗಳುಳ್ಳ ಈ ವಿಮಾನವು ನಿಧಾನಗತಿಯದು, ಆದರೆ ದೀರ್ಘಶ್ವಾಸದ್ದು. ಹಾಗಿದ್ದರೂ ಮೂರು ಸಾವಿರದ ಐನೂರು ಮೈಲಿಗಳನ್ನು ಒಂದೇ ಉಸಿರಿನಲ್ಲಿ ದಾಟುವುದು ಅದರ ಸಹಜಶಕ್ತಿಗೆ ಮೀರಿದ ಕೆಲಸ. ಆದುದರಿಂದ ಬಿಡಬಹುದಾದುದನ್ನೆಲ್ಲ ಬಿಡಬೇಕಾಯಿತು. ತುಪಾಕಿಗಳನ್ನು ತೆಗೆದರು. ಗುಂಡೇಟನ್ನು ತಡೆಯುವ ಉಕ್ಕಿನ ಹಲಗೆಗಳನ್ನು ಕಳಚಿದರು. ಚಳಿಯನ್ನೂ ಸದ್ದನ್ನೂ ತಡೆಯಲು ಗೋಡೆಗಳಿಗೆ ಹೊದಿಸಿದ್ದ ಒಳಹೊದಿಕೆಯನ್ನೂ ಕಿತ್ತುಹಾಕಿದರು. ಹೀಗೆ ಉಳಿದ ಜಾಗದಲ್ಲಿ ಹೆಚ್ಚಿನ ತೊಟ್ಟಿಗಳನ್ನು ಕೂರಿಸಿ ಸುಮಾರು ೯,೦೦೦ ಲೀಟರುಗಳಷ್ಟು ಪೆಟ್ರೋಲನ್ನು ತುಂಬಿದರು.

ಈ ಲೆಕ್ಕವು ಗಮನಾರ್ಹವಾದುದು. ಹೊರಡುವಾಗ ವಿಮಾನದ ಒಟ್ಟು ತೂಕವು ಸುಮಾರು ೧೬ ಟನ್ನು. ಅದರಲ್ಲಿ ಪೆಟ್ರೋಲಿನ ತೂಕವೇ ಸುಮಾರು ಆರೂವರೆ ಟನ್ನು, ಎಂದರೆ ಐದರಲ್ಲಿ ಎರಡು ಪಾಲು. ಇಷ್ಟೆಲ್ಲ ಹೊತ್ತುಕೊಂಡು ಅದು ಸಾಗಿಸಬಹುದಾಗಿದ್ದುದು ಮೂವರು ಪ್ರಯಾಣಿಕರನ್ನೂ ೬೯ ಕಿಲೋಗ್ರಾಂ ಟಪ್ಪಾಲನ್ನೂ ಮಾತ್ರ. ಕಾಗದದ ತೂಕದ ತೊಂಬತ್ತುಪಟ್ಟಿಗಿಂತಲೂ ಹೆಚ್ಚು ಪೆಟ್ರೋಲು! ಅಷ್ಟು ಭಾರವಾದ ವಿಮಾನದ ಎರಡು ಯಂತ್ರಗಳಲ್ಲಿ ಒಂದು ಕೆಟ್ಟರೂ, ಪೆಟ್ರೋಲು ಸಾಕಷ್ಟು ಸುಟ್ಟು ಹೊರೆಯು ಇಳಿಯುವವರೆಗೆ, ಮೊದಲ ಹಲವು ಗಂಟೆಗಳ ಕಾಲ, ಉಳಿದ ಒಂದರಿಂದ ಅದು ಆಕಾಶದಲ್ಲಿ ನಿಲ್ಲುವಂತಿರಲಿಲ್ಲ. ದಾರಿಯ ಅಪಾಯವನ್ನು ತಿಳಿದೇ ಅವರು ರಕ್ಷಣೆಯ ಸಾಧನಗಳನ್ನು ಕೊಟ್ಟು ಗಂಟೆಗಳನ್ನು ಕೊಂಡರು.

ಬ್ರಿಟಿಷ್ ಸರ್ಕಾರವು ಒದಗಿಸಿದ ಐದು ಕ್ಯಾಟಲೀನಗಳನ್ನು ಕ್ವಾಂಟಾಸ್ ಸಂಸ್ಥೆಯ ವೈಮಾನಿಕರು ನಡೆಸಿದರು. ಮೊದಲ ಪಯಣವು ೧೯೪೩ರ ಜೂನ್ ಕೊನೆಯಲ್ಲಿ ಕ್ಯಾಪ್ಟನ್ ರಸೆಲ್ ಟ್ಯಾಪ್ ಅವರ ನೇತೃತ್ವದಲ್ಲಿ ನಡೆಯಿತು. ವಿಮಾನಗಳಿಗೆ ಇಟ್ಟ ಹೆಸರುಗಳು ನಕ್ಷತ್ರಗಳವು: ಆಲ್ಟೇರ್, ವೇಗ, ಸ್ಪೈಕ, ಆಂಟಾರೆಸ್, ರೈಜೆಲ್. ಪಂಚಾಂಗವನ್ನು ಬಲ್ಲವರಿಗೆ ಇವುಗಳಲ್ಲಿ ನಾಲ್ಕು ಹಳೆಯ ಪರಿಚಯದವು. ಆಲ್ಟೇರ್ ಎಂಬುದು ಶ್ರವಣ, ವೇಗವು ಅಭಿಜಿತ್, ಸ್ಪೈಕವು ಚಿತ್ತೆ, ಆಂಟಾರೆಸ್ ಜ್ಯೇಷ್ಠೆ. ಈ ಹೆಸರುಗಳು ಬರಿಯ ಅಲಂಕಾರಕ್ಕಾಗಿ ಇಟ್ಟವಲ್ಲ. ಮಾತನಾಡಿದರೆ ಶತ್ರುವಿಗೆ ಸುಳಿವು ಸಿಕ್ಕೀತೆಂಬ ಭಯದಿಂದ ವಿಮಾನದ ರೇಡಿಯೋ ದಾರಿಯುದ್ದಕ್ಕೂ ಮೌನವಾಗಿರಬೇಕಾಗಿದ್ದಿತು. ದಡದಿಂದ ಬರುವ ಸಂಕ್ಷಿಪ್ತವಾದ ಹವಾಮಾನದ ಸುದ್ದಿಯನ್ನು ಕೇಳಬಹುದೇ ಹೊರತು ಉತ್ತರ ಕೊಡುವಂತಿರಲಿಲ್ಲ. ಕೆಳಗೆ ಗುರುತಿಲ್ಲದ ನೀರು; ದಿಕ್ಕನ್ನು ತಿಳಿಯಲು ಹಗಲಿನಲ್ಲಿ ಸೂರ್ಯ, ರಾತ್ರಿಯಲ್ಲಿ ನಕ್ಷತ್ರ, ಇವಲ್ಲದೆ ಬೇರೆ ಆಧಾರವಿಲ್ಲ. ಸಾಗರದ ಯಾವ ಭಾಗದಲ್ಲಿ ಶತ್ರುಗಳ ಕಣ್ಣಿಗೆ ಬೀಳುವ ಸಂಭವವು ಹೆಚ್ಚಾಗಿದ್ದಿತೋ ಅದನ್ನು ಕತ್ತಲೆಯಲ್ಲಿ ದಾಟುವಂತೆ ಹೊರಡುವ ಹೊತ್ತನ್ನು ಗೊತ್ತುಮಾಡುತ್ತಿದ್ದರು. ಪುರಾತನ ಕಾಲದ ಹಡಗಿನವನು ನಕ್ಷತ್ರವನ್ನು ನೋಡಿ ಇದೇ ಸಾಗರವನ್ನು ದಾಟಿದಂತೆ ಇವರೂ ದಾಟಿದರು. ಒಂದು ದಿಕ್ಕಿನ ತಪ್ಪು, ಒಂದು ಮೋಡಕವಿದ ರಾತ್ರಿ, ಪೆಟ್ರೋಲಿನ ಲೆಕ್ಕವನ್ನೆಲ್ಲ ಕೆಡಿಸಬಹುದಾಗಿದ್ದಿತು.

ಹಿಡಿಯುತ್ತಿದ್ದ ಕಾಲವೆಷ್ಟು? ಸಾಮಾನ್ಯವಾಗಿ ಇಪ್ಪತ್ತೇಳರಿಂದ ಮೂವತ್ತೆರಡು ಗಂಟೆಗಳು. ಅತ್ಯಂತ ದೀರ್ಘವಾದ ಪಯಣವು ೩೨ ಗಂಟೆ ೯ ನಿಮಿಷಗಳನ್ನು ತೆಗೆದುಕೊಂಡಿತು. ದೂರವು ಒಂದೇ ಆಗಿರುವಾಗ ಇಷ್ಟು ವ್ಯತ್ಯಾಸವೇಕೆಂದರೆ, ಮುಖ್ಯವಾದ ಕಾರಣವು ಗಾಳಿ. ಭೂಮಧ್ಯರೇಖೆಯ ದಕ್ಷಿಣದಲ್ಲಿ ಬೀಸುವ ಆಗ್ನೇಯ ಮಾರುತವು ಕೊಗ್ಗಲಕ್ಕೆ ಹೋಗುವವನ ಬೆನ್ನು ತಟ್ಟುತ್ತದೆ, ಹಿಂದಿರುಗುವವನ ಎದೆಯನ್ನು ತಡೆಯುತ್ತದೆ; ಅದರ ಉತ್ತರಕ್ಕೆ ಮಳೆಗಾಲದಲ್ಲಿ ನೈಋತ್ಯ ಮಾರುತವಿದೆ. ಗಂಟೆಗೆ ೨೦೦ ಕಿಲೋಮೀಟರು ಸಾಗುವ ವಿಮಾನಕ್ಕೆ ಗಾಳಿಯಿಲ್ಲದಿದ್ದರೆ ಈ ದಾರಿಗೆ ೨೮ ಗಂಟೆಗಳ ಮೇಲೆ ಸ್ವಲ್ಪ ಬೇಕು. ೩೦ ಕಿಲೋಮೀಟರು ವೇಗದ ಗಾಳಿಯು ದಾರಿಯುದ್ದಕ್ಕೂ ಹಿಂದಿನಿಂದ ಬೀಸಿದರೆ ೨೪ ಗಂಟೆ ೩೫ ನಿಮಿಷಗಳು ಸಾಕು. ಅದೇ ಗಾಳಿಯು ಎದುರಾದರೆ ೩೩ ಗಂಟೆಗಳೂ ಸಾಲವು. ೮೫೦ ಕಿಲೋಮೀಟರು ವೇಗದ ಇಂದಿನ ಜೆಟ್ ವಿಮಾನಕ್ಕೆ ಅದೇ ದೂರವು ಆರು ಗಂಟೆ ನಲವತ್ತು ನಿಮಿಷಗಳ ದಾರಿ; ಅದೇ ಗಾಳಿಯಿಂದ ಅದಕ್ಕೆ ಆಗುವ ವ್ಯತ್ಯಾಸವು ಅರ್ಧ ಗಂಟೆಯನ್ನೂ ಮೀರದು. ನಿಧಾನವಾಗಿ ಹೋಗುವವನನ್ನೇ ಗಾಳಿಯು ಹೆಚ್ಚಾಗಿ ಕಾಡುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಇಪ್ಪತ್ತನಾಲ್ಕು ಗಂಟೆಗಳಿಗೂ ಮೀರಿ ಆಕಾಶದಲ್ಲಿಯೇ ಇರುತ್ತಿದ್ದುದರಿಂದ ಒಂದೇ ಪಯಣದಲ್ಲಿ ಸೂರ್ಯನು ಎರಡು ಬಾರಿ ಉದಯಿಸುವುದನ್ನು ಪ್ರಯಾಣಿಕರು ಕಾಣುತ್ತಿದ್ದರು. ಸೂರ್ಯನ ಲೆಕ್ಕದಲ್ಲಿ ಒಂದು ಅಂಶಕ್ಕೆ ನಾಲ್ಕು ನಿಮಿಷಗಳಂತೆ ಪರ್ತಿಗೂ ಕೊಗ್ಗಲಕ್ಕೂ ೨ ಗಂಟೆ ೨೨ ನಿಮಿಷಗಳ ಅಂತರವಿದೆ. ಆದುದರಿಂದ ಪಶ್ಚಿಮಕ್ಕೆ ಹೋಗುವವನಿಗೆ ಎರಡು ಉದಯಗಳ ನಡುವಣ ಕಾಲವು ಹಿಗ್ಗುವುದು, ಪೂರ್ವಕ್ಕೆ ಹೋಗುವವನಿಗೆ ಕುಗ್ಗುವುದು. ಋತುವನ್ನನುಸರಿಸಿ ಇದರಲ್ಲಿಯೂ ಏರಿಳಿತಗಳುಂಟು. ದಾರಿಯನ್ನು ಮುಗಿಸಿದ ಪ್ರಯಾಣಿಕನಿಗೆ 'ಎರಡು ಸೂರ್ಯೋದಯಗಳ ಗುಪ್ತಮಂಡಲ'ಕ್ಕೆ ಸೇರಿದವನೆಂಬ ಒಂದು ಪ್ರಮಾಣಪತ್ರವನ್ನು ಸಂಸ್ಥೆಯವರು ಕೊಡುತ್ತಿದ್ದರು. ಅದರಲ್ಲಿ ವಿನೋದವಿದ್ದಿತು; ಆದರೆ ಸದ್ದಿನಿಂದ ಕಿವಿ ಕಿವುಡಾಗಿ, ಚಳಿಯಲ್ಲಿ ಮುದುಡಿ ಕುಳಿತು, ಶತ್ರುವಿನ ಹಾದಿಯನ್ನು ಆಯುಧವಿಲ್ಲದೆ ದಾಟಿಬಂದವನಿಗೆ ಆ ಎರಡನೆಯ ಸೂರ್ಯನ ದರ್ಶನವು ಬರಿಯ ವಿನೋದವಾಗಿ ತೋರಿರಲಾರದು.

ಈ ದಾರಿಗೆ ತೆತ್ತ ಬೆಲೆಯನ್ನು ವಿಮಾನದಲ್ಲಿ ಕುಳಿತವರಷ್ಟೇ ತೆರಲಿಲ್ಲ. ಕೊಗ್ಗಲದಲ್ಲಿ ವಿಮಾನ ನೆಲೆಯನ್ನು ನಿರ್ಮಿಸುವುದಕ್ಕಾಗಿ ಯುದ್ಧಕಾಲದಲ್ಲಿ ಸರ್ಕಾರವು ಆ ಗ್ರಾಮವನ್ನೇ ವಶಪಡಿಸಿಕೊಂಡು ನಿವಾಸಿಗಳನ್ನು ಹೊರಡಿಸಿತು. ತೆಂಗಿನ ತೋಟಗಳ ನಡುವೆ ತಲೆಮಾರುಗಳಿಂದ ಬಾಳಿದ ಮನೆಗಳನ್ನು ಕೆಡವಿದರು. ಸಿಂಹಳೀ ಸಾಹಿತ್ಯದ ಅಗ್ರಗಣ್ಯ ಲೇಖಕರಾದ ಮಾರ್ಟಿನ್ ವಿಕ್ರಮಸಿಂಹರು ೧೮೯೦ರಲ್ಲಿ ಜನಿಸಿದುದು ಇದೇ ಕೊಗ್ಗಲದಲ್ಲಿ. ಅವರ ಹಿರಿಯರ ಮನೆಯು ಕೆಡವುವವರ ಕೈಯಿಂದ ತಪ್ಪಿ ಉಳಿದು ಇಂದು ಜನಪದ ವಸ್ತುಸಂಗ್ರಹಾಲಯದ ಆವರಣದಲ್ಲಿ ನಿಂತಿದೆ. ದಕ್ಷಿಣ ಸಿಂಹಳದ ಹಳ್ಳಿಯೊಂದರ ಹಳೆಯ ಬಾಳು ಹೊಸ ಕಾಲದ ಎದುರಿಗೆ ಕುಸಿಯುವುದನ್ನು ಚಿತ್ರಿಸುವ ಅವರ 'ಗಂಪೆರಳಿಯ' ಎಂಬ ಕಾದಂಬರಿಯು ಪ್ರಕಟವಾದುದು ೧೯೪೪ರಲ್ಲಿ. ಕ್ಯಾಟಲೀನಗಳು ಆ ಸರೋವರದಿಂದ ಏರಿ ಇಳಿಯುತ್ತಿದ್ದ ಕಾಲವೂ ಅದೇ. ಆ ಕಾದಂಬರಿಯ ವಸ್ತುವು ವಿಮಾನವಲ್ಲ, ಯುದ್ಧವೂ ಅಲ್ಲ. ಆದರೂ ಸಾವಿರಾರು ಮೈಲಿಗಳಾಚೆಯ ಪರ್ತ್ ಒಂದು ಹಗಲು ಒಂದು ರಾತ್ರಿಯಷ್ಟು ಹತ್ತಿರಕ್ಕೆ ಬಂದ ಹೊತ್ತಿನಲ್ಲಿಯೇ ಕೊಗ್ಗಲದವರಿಗೆ ತಮ್ಮ ಮನೆಯ ಹೊಸ್ತಿಲು ದೂರವಾಯಿತೆಂಬುದನ್ನು ಚರಿತ್ರೆಯು ಮರೆಯಬಾರದು.

೧೯೪೪ರ ಜೂನ್ ತಿಂಗಳಿನಲ್ಲಿ ಹೆಚ್ಚು ವೇಗವುಳ್ಳ ಲಿಬರೇಟರ್ ವಿಮಾನಗಳು ಈ ಕಾರ್ಯಕ್ಕೆ ಬಂದುವು. ಅವು ಆಸ್ಟ್ರೇಲಿಯದ ವಾಯವ್ಯ ಮೂಲೆಯ ಲಿಯರ್ಮಂತಿನಲ್ಲಿ ಪೆಟ್ರೋಲು ತುಂಬಿಕೊಂಡು ಕೊಲಂಬೊ ಬಳಿಯ ರತ್ಮಲಾನಕ್ಕೆ ಸಾಗುತ್ತಿದ್ದುವು. ಸಾಗರವನ್ನು ದಾಟಲು ಸುಮಾರು ೧೭ ಗಂಟೆಗಳು ಸಾಕಾದುವು. ೧೯೪೫ರಲ್ಲಿ ಲ್ಯಾಂಕಾಸ್ಟ್ರಿಯನ್ ವಿಮಾನಗಳು ಸಿಡ್ನಿಯಿಂದ ಇಂಗ್ಲೆಂಡಿನವರೆಗೆ ಇದೇ ಸಾಗರಮಾರ್ಗವಾಗಿ ಓಡಾಡತೊಡಗಿದುವು. ಕ್ಯಾಟಲೀನಗಳ ಕಡೆಯ ಪಯಣವು ೧೯೪೫ರ ಜುಲೈ ೧೮ರಂದು ಮುಗಿಯಿತು. ಅಷ್ಟರಲ್ಲಿ ಅವು ೨೭೧ ಬಾರಿ ಸಾಗರವನ್ನು ದಾಟಿದ್ದುವು. ಒಟ್ಟು ದೂರವು ಹದಿನೈದು ಲಕ್ಷ ಕಿಲೋಮೀಟರುಗಳಿಗೂ ಹೆಚ್ಚು. ಈ ದಾಟುಗಳಲ್ಲಿ ಒಂದು ಜೀವವೂ ನಷ್ಟವಾಗಲಿಲ್ಲ. ವಿಮಾನಗಳಿಗಾದರೋ ಆ ಭಾಗ್ಯವಿರಲಿಲ್ಲ. ಯುದ್ಧಕಾಲದ ಸಾಲದ ಒಪ್ಪಂದದಂತೆ ಅಮೆರಿಕದಿಂದ ಬಂದಿದ್ದ ಅವುಗಳನ್ನು ಯುದ್ಧಾನಂತರ ಇಟ್ಟುಕೊಳ್ಳುವಂತಿರಲಿಲ್ಲ. ನಕ್ಷತ್ರಗಳ ಹೆಸರನ್ನು ಹೊತ್ತ ಐದನ್ನೂ ಆಸ್ಟ್ರೇಲಿಯದ ಕಡಲಿನಲ್ಲಿ ಮುಳುಗಿಸಿಬಿಟ್ಟರು.

ಆಮೇಲಿನ ಕಥೆಯು ಬಲ್ಲವರಿಗೆ ಹೊಸದಲ್ಲ. ಜೆಟ್ ವಿಮಾನಗಳು ಬಂದುವು. ತಂಗುದಾಣಗಳು ಒಂದೊಂದಾಗಿ ದಾರಿಯಿಂದ ಉದುರಿಹೋದುವು. ೨೦೧೮ರ ಮಾರ್ಚ್ ತಿಂಗಳಿನಲ್ಲಿ ಪರ್ತಿನಿಂದ ಲಂಡನ್ನಿಗೆ, ೧೪,೪೯೮ ಕಿಲೋಮೀಟರುಗಳ ದೂರವನ್ನು, ಎಲ್ಲಿಯೂ ಇಳಿಯದೆ ಸುಮಾರು ೧೭ ಗಂಟೆಗಳಲ್ಲಿ ದಾಟುವ ಸಂಚಾರವು ಪ್ರಾರಂಭವಾಯಿತು. ಲಂಡನ್ನಿನಿಂದ ಸಿಡ್ನಿಗೆ ನೇರವಾಗಿ ಹಾರುವ ಪ್ರಯೋಗವು ೨೦೧೯ರ ನವೆಂಬರಿನಲ್ಲಿ ನಡೆದಾಗ ೧೯ ಗಂಟೆ ೧೯ ನಿಮಿಷಗಳು ಹಿಡಿದುವು. ಈ ಯತ್ನಕ್ಕೆ ಕ್ವಾಂಟಾಸ್ ಸಂಸ್ಥೆಯವರು ಇಟ್ಟ 'ಸೂರ್ಯೋದಯ ಯೋಜನೆ' ಎಂಬ ಹೆಸರು ಹಳೆಯ ಕ್ಯಾಟಲೀನಗಳ ಸ್ಮರಣಾರ್ಥವಾದುದು. ಹೆಸರಿನೊಡನೆ ಹಳೆಯ ತತ್ತ್ವವೂ ಬಂದಿತು. ಇನ್ನೂರಕ್ಕೂ ಹೆಚ್ಚು ಜನರು ಕೂರಬಹುದಾದ ಆ ವಿಮಾನದಲ್ಲಿ ಅಂದು ಇದ್ದವರು ಸುಮಾರು ಐವತ್ತು ಮಂದಿ. ಅದಕ್ಕಿಂತ ಹೆಚ್ಚಿನ ಹೊರೆಯೊಡನೆ ಅಷ್ಟು ದೂರ ಸಾಗುವುದು ಅದಕ್ಕೆ ಶಕ್ಯವಿರಲಿಲ್ಲ. ೧೯೪೩ರಲ್ಲಿ ಮೂವರಿಗಾಗಿ ಆರೂವರೆ ಟನ್ನು ಪೆಟ್ರೋಲನ್ನು ತುಂಬಿದವರು ಕಂಡುಕೊಂಡ ಸತ್ಯವೂ ಇದೇ.

ಇನ್ನೊಂದು ವಿಶೇಷವುಂಟು. ಇಷ್ಟೆಲ್ಲ ಮುಂದುವರಿದ ಮೇಲೆಯೂ, ನಿಲ್ಲದೆ ಸಾಗಿದ ಪ್ರಯಾಣಿಕ ಸಂಚಾರದಲ್ಲಿ ೩೨ ಗಂಟೆ ೯ ನಿಮಿಷಗಳ ಕಾಲ ಆಕಾಶದಲ್ಲಿದ್ದ ಆ ಹಾರುದೋಣಿಯ ದಾಖಲೆಯನ್ನು ಯಾವ ಜೆಟ್ ವಿಮಾನವೂ ಮುರಿದಿಲ್ಲ. ವೇಗವು ಹೆಚ್ಚಿದಂತೆ ಅಷ್ಟು ಹೊತ್ತು ಹಾರುವ ಅಗತ್ಯವೇ ಇಲ್ಲವಾಯಿತು. ಇಂದು ಎರಡು ವಿಮಾನ ನಿಲ್ದಾಣಗಳ ನಡುವಣ ದೂರವನ್ನೂ ಕಾಲವನ್ನೂ ಒಂದೇ ಸಾಲಿನಲ್ಲಿ ಬರೆದಿಡುತ್ತಾರೆ. ಓದುವವನು ಅವೆರಡೂ ಪ್ರಕೃತಿಯೇ ವಿಧಿಸಿದ ಅಂಕಿಗಳೆಂದು ಭಾವಿಸುತ್ತಾನೆ. ಅವುಗಳಲ್ಲಿ ದೂರವು ಮಾತ್ರ ಭೂಮಿಯದು. ಕಾಲವು ಮನುಷ್ಯರದು. ಯಾರೋ ಯಾವುದನ್ನೋ ಬಿಟ್ಟುಕೊಟ್ಟುದರಿಂದ ಅದು ಅಷ್ಟಾಗಿದೆ: ಒಬ್ಬನು ತನ್ನ ಆಯುಧವನ್ನು, ಮತ್ತೊಬ್ಬನು ತನ್ನ ನಿದ್ರೆಯನ್ನು, ಇನ್ನೊಬ್ಬನು ಕೇಳದೆಯೇ ತನ್ನ ತೆಂಗಿನ ತೋಟದ ಮನೆಯನ್ನು. ಪರ್ತಿಗೂ ಕೊಗ್ಗಲಕ್ಕೂ ನಡುವೆ ಇರುವ ನೀರು ಅಂದಿನಷ್ಟೇ ಇಂದೂ ಇದೆ. ಅದರ ಮೇಲೆ ಹಗಲು ರಾತ್ರಿಗಳನ್ನು ಕಳೆದವರ ಲೆಕ್ಕವನ್ನು ಇಟ್ಟುಕೊಳ್ಳುವುದು ಚರಿತ್ರೆಯ ಕೆಲಸ.